ಹತ್ತೂ ಹತ್ತರ ಬಸ್ಸಿಗೆ ಒಂದು ಸ್ಕೋರ್ ಹಾಳೆ

ಏಪ್ರಿಲ್ ತಿಂಗಳಲ್ಲಿ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ನಿನ್ನೆಯ ಕ್ರಿಕೆಟ್ ಸ್ಕೋರು ಹೇಳುತ್ತಾರೆ. ನಾಗನಾಥ ಮಾಸ್ತರರನ್ನು ಕೇಳಿದರೆ ಮಾತ್ರ ಬೇರೆ ಆಟದ ಸ್ಕೋರು ಸಿಗುತ್ತದೆ. ಅವರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಇರುತ್ತದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಆಗಷ್ಟೇ ಮುಗಿದ ಬೇಸ್‌ಬಾಲ್ ಆಟವೊಂದು ಚೆಂಡಿಗೆ ಚೆಂಡು ಅದರಲ್ಲಿ ಬರೆದಿರುತ್ತದೆ.

ಅಲ್ಲಿ ಸಂಜೆ ಶುರುವಾಗುವ ಆಟ ಇಲ್ಲಿ ಬೆಳಿಗ್ಗೆ ಏಳೂ ಕಾಲಿಗೆ ಶುರುವಾಗುತ್ತದೆ. ಅಷ್ಟರೊಳಗೆ ಮಾಸ್ತರರ ಸ್ನಾನ ಮುಗಿದಿರುತ್ತದೆ. ಹಾಳೆಯ ಮೇಲೆ ಸ್ಕೇಲು ಇಟ್ಟು ಒಂಬತ್ತು ಆಟಗಾರರಿಗೆ ಅಡ್ಡ, ಒಂಬತ್ತು ಸರದಿಗೆ ಉದ್ದ ಮನೆ ಎಳೆದು, ಫೋನನ್ನು ಸ್ಟೀಲ್ ಲೋಟಕ್ಕೆ ಆನಿಸಿ ಕೂರುತ್ತಾರೆ. ಫೋನಿನಲ್ಲಿ ಆಟ ಕಾಣುವುದಿಲ್ಲ. ಚೆಂಡು ಎಲ್ಲಿ ಬಿತ್ತು, ಯಾರು ಹಿಡಿದರು, ಯಾರು ಓಡಿದರು ಎಂಬುದು ಚುಕ್ಕೆಗಳಾಗಿ ಬರುತ್ತದೆ, ಅಷ್ಟೆ. ಅದನ್ನು ನೋಡಿ ಅವರು ಮನೆಮನೆ ತುಂಬುತ್ತಾರೆ. ತಂಡದ ನಿಜವಾದ ಹೆಸರನ್ನು ಅವರು ಬಳಸುವುದಿಲ್ಲ. ಅದು ಕಪ್ಪು ಟೋಪಿಯವರ ತಂಡ. ಎದುರಾಳಿಗಳು ಯಾರಿದ್ದರೂ ಕೆಂಪು ಟೋಪಿ, ನೀಲಿ ಟೋಪಿ.

ಹಾಳೆಯ ಕೆಳಗೆ ಪ್ರತಿ ತಂಡಕ್ಕೆ ಮೂರು ಮನೆ ಇರುತ್ತವೆ. ಓಟ, ಹೊಡೆತ, ತಪ್ಪು. ಅಲ್ಲಿಯ ಮೈದಾನದ ದೊಡ್ಡ ಫಲಕದ ಮೇಲೂ ಈ ಮೂರೇ ಇರುತ್ತವಂತೆ. ಕೈಗೆ ಬಂದ ಚೆಂಡು ಬಿಟ್ಟವನ ಸಂಖ್ಯೆಯ ಮುಂದೆ ಮಾಸ್ತರರು ಕೆಂಪು ಪೆನ್ನಿನಲ್ಲಿ ‘ತ’ ಎಂದು ಬರೆಯುತ್ತಾರೆ. ಮೂವತ್ತಾರು ವರ್ಷ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದ ಅವರಿಗೆ ಈಗ ಅರವತ್ತೆರಡು. ಹೈದರಾಬಾದಿನಲ್ಲಿ ತರಬೇತಿಗಿದ್ದಾಗ ಕಲಿತ ಆಟ ಇದು. ಊರಿನ ಶಾಲೆಗೆ ಬಂದ ಮೇಲೆ ಇದರ ತಂಗಿಯಂಥ ಆಟವಾದ ಸಾಫ್ಟ್‌ಬಾಲನ್ನು ಹುಡುಗಿಯರಿಗೆ ಕಲಿಸಿದರು. ಅದರಲ್ಲಿ ಚೆಂಡು ಸ್ವಲ್ಪ ದೊಡ್ಡದು, ಮೈದಾನ ಚಿಕ್ಕದು, ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ.

ಆಟ ಮುಗಿಯುವಾಗ ಹತ್ತಕ್ಕೆ ಹತ್ತು ನಿಮಿಷ. ಮನೆಯಿಂದ ಬಸ್ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ. ಚಹಾ ಮಾರುವ ಸೋಹೇಲ ಅವರನ್ನು ದೂರದಿಂದಲೇ ಹಿಡಿಯುತ್ತಾನೆ.

“ಮಾಸ್ತರ್ ಸಾಬ್, ನಿಮ್ಮ ಟೋಪಿವಾಲೆ ಇವತ್ತರ ಗೆದ್ದ್ರೇನ್ರಿ?”

“ಸೋತ್ರಪಾ. ನಾಕು ಮೂರು.”

“ಮತ್ತ ಸೋತ್ರಾ? ನಮ್ಮ ಗಲ್ಲಿ ಪೋರಗೋಳ್ನ ಕಳಸ್ರಿ ಅಲ್ಲಿಗಿ. ದಾಂಡು ಹಿಡ್ಯಾಕರ ಬರ್ತದ ಅವಕ್ಕ.”

“ಇನ್ನೂ ನೂರಾ ನಲವತ್ತು ಆಟ ಅದಾವ ತಮ್ಮಾ. ಏಪ್ರಿಲ್‌ದಾಗ ಸೋತ್ರ ಏನೂ ಆಗಂಗಿಲ್ಲ.”

ಆ ಮಾತು ನಿಜ. ಒಂದು ತಂಡ ವರ್ಷಕ್ಕೆ ನೂರಾ ಅರವತ್ತೆರಡು ಆಟ ಆಡುತ್ತದೆ. ಮೊದಲ ತಿಂಗಳ ಸೋಲನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಸರಿಪಡಿಸಲು ದಿನಗಳು ಬೇಕಾದಷ್ಟು ಉಳಿದಿರುತ್ತವೆ. ಮಾಸ್ತರರಿಗೆ ಏಪ್ರಿಲ್ ಹಿಡಿಸುವುದು ಇದೇ ಕಾರಣಕ್ಕೆ.

ಹತ್ತೂ ಹತ್ತಕ್ಕೆ ಹುಮನಾಬಾದಿನ ಬಸ್ಸು ಬರುತ್ತದೆ. ಅದರ ಕಂಡಕ್ಟರ್ ಶೀತಲ, ಮಾಸ್ತರರ ಹಳೆಯ ವಿದ್ಯಾರ್ಥಿನಿ. ವಯಸ್ಸು ನಲವತ್ತು, ಮನೆ ಹುಮನಾಬಾದ, ಇಬ್ಬರು ಮಕ್ಕಳು. ಆಟ ನಡೆಯುವ ಹೊತ್ತಿನಲ್ಲಿ ಆಕೆ ಡ್ಯೂಟಿಯ ಮೇಲೆ ಇರುತ್ತಾಳೆ, ಫೋನು ನೋಡುವ ಹಾಗಿಲ್ಲ. ಬಸ್ಸು ಇಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. ಆ ಹದಿನೈದು ನಿಮಿಷದಲ್ಲಿ ಟಿಕೆಟ್ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು, ಸೋಹೇಲನ ಚಹಾ ಕುಡಿಯುತ್ತ, ಮಾಸ್ತರರ ಹಾಳೆಯನ್ನು ಮೊದಲ ಮನೆಯಿಂದ ಓದುತ್ತಾಳೆ. ಕೊನೆಯ ಮನೆ ಬರುವವರೆಗೆ ಗೆದ್ದವರು ಯಾರು ಎಂದು ಯಾರೂ ಹೇಳಬಾರದು. ಸೋಹೇಲನಿಗೂ ಆ ಕಟ್ಟಳೆ ಗೊತ್ತು. ಇದು ಅವರ ಹತ್ತನೆಯ ಏಪ್ರಿಲ್. ಎರಡೂ ತಾಲೂಕುಗಳಲ್ಲಿ ಈ ತಂಡಕ್ಕೆ ಇರುವ ಅಭಿಮಾನಿಗಳು ಇವರಿಬ್ಬರೇ ಇರಬೇಕು.

ಆ ಸೋಮವಾರ ಆಕೆ ಆರನೆಯ ಮನೆಯ ಹತ್ತಿರ ಬೆರಳು ನಿಲ್ಲಿಸಿದಳು.

“ಸರ, ಇದೇನ್ರಿ? ಚೆಂಡು ಇವನ ಮುಂದ ಹಾದು ಹೋಗ್ಯದ, ಓಟ ಬಂದದ, ನೀವು ತಪ್ಪ ಬರದಿಲ್ಲ.”

“ಅವನ ಕೈಗಿ ಚೆಂಡು ಮುಟ್ಟಿಲ್ಲ ಶೀತಲ. ಅವ ನಿಂತಲ್ಲೇ ನಿಂತಾನ. ಹಂಗ ನಿಂತ್ರ ತಪ್ಪು ಅಂತ ಬರ್ಯಂಗಿಲ್ಲ, ಎದುರಿನವಂದು ಹೊಡೆತ ಅಂತ ಬರೀತಾರ.”

“ಕೈನೇ ಚಾಚಲಿಲ್ಲ ಅಂದ್ರ ತಪ್ಪಿಲ್ಲೇನ್ರಿ? ಛಲೋ ಅದ ಬಿಡ್ರಿ ಈ ಕಾನೂನು! ಓಡಿ ಹೋಗಿ ಬಿಟ್ಟವಗ ಶಿಕ್ಷಾ, ನಿಂತು ನೋಡಿದವಗ ಮಾಫಿ.”

ಆಕೆ ಬ್ಯಾಗಿನಿಂದ ಒಂದು ಕಾರ್ಡು ತೆಗೆದು ಮಾಸ್ತರರ ಕೈಗಿಟ್ಟಳು. ಊರಿನ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತೈದು ವರ್ಷವಾದ ಆಕೆಯ ಬ್ಯಾಚಿನವರು ಗುರುವಂದನಾ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಬರುವ ಆದಿತ್ಯವಾರ. ಸನ್ಮಾನಿತರ ಪಟ್ಟಿಯಲ್ಲಿ ನಾಗನಾಥರ ಹೆಸರು ಮೊದಲು. ಅವರ ಬಗ್ಗೆ ಮಾತಾಡುವವಳು ಶೀತಲ.

“ನಾ ಏನ್ ಮಾತಾಡ್ತೇನಿ ಗೊತ್ತದೇನ್ರಿ ಸರ? ಗುಲ್ಬರ್ಗಾದಾಗ ಟೀಮಿನ ಆಯ್ಕಿ ದಿನ ನೀವು ನನ್ನ ಸಲುವಾಗಿ ಆ ಸಾಹೇಬರ ಸಂಗಟ ಜಗಳಾಡಿದ್ದು. ನನ್ನ ಮಕ್ಕಳಿಗೂ ಹೇಳೇನಿ, ಮೈಕ್‌ದಾಗ ಈಗ ಊರಿಗೇ ಹೇಳ್ತೇನಿ.”

ಡ್ರೈವರ್ ಗುರುನಾಥ ಹಾರ್ನು ಹೊಡೆದ. ಆಕೆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಓಡಿದಳು.

ಗುಲ್ಬರ್ಗಾದಲ್ಲಿ ಮಾಸ್ತರರು ಜಗಳಾಡಿರಲಿಲ್ಲ.

ಅದರ ಮೂಲ ಆ ಆಯ್ಕೆಗೂ ಎಂಟು ವರ್ಷ ಹಿಂದೆ, 1991ರ ಜೂನ್‌ನಲ್ಲಿದೆ. ಒಂದರಿಂದ ಹತ್ತರವರೆಗೆ ತರಗತಿಗಳಿದ್ದ ಆ ಅನುದಾನಿತ ಶಾಲೆಗೆ ನಾಗನಾಥರು ಸೇರಿ ಮೂರು ವರ್ಷವಾಗಿತ್ತು. ಆ ವರ್ಷ ಒಂದನೇ ತರಗತಿಗೆ ಮಕ್ಕಳು ಸಾಕಷ್ಟು ಬಂದಿರಲಿಲ್ಲ. ಸಂಖ್ಯೆ ತುಂಬದಿದ್ದರೆ ಕೊನೆಗೆ ಸೇರಿದ ಶಿಕ್ಷಕನ ಹುದ್ದೆ ಉಳಿಯುವುದಿಲ್ಲ ಎಂದು ಆಡಳಿತ ಮಂಡಳಿ ಹೇಳಿತು. ಕೊನೆಗೆ ಸೇರಿದವರು ನಾಗನಾಥರೇ. ಅವರು ಸೈಕಲ್ ಹತ್ತಿ ಹತ್ತಿರದ ನಾರಾಯಣಪುರಕ್ಕೆ ಹೋಗಿ ಮನೆಮನೆ ತಿರುಗಿದರು. ಹೊಲದ ಕೂಲಿಗೆ ಹೋಗುವವರ ಓಣಿಯಲ್ಲಿ ಆರು ಮಕ್ಕಳು ಸಿಕ್ಕವು. ಅದರಲ್ಲೊಬ್ಬಳು ಶೀತಲ. ಹುಟ್ಟಿದ ತಾರೀಖು ಕೇಳಿದಾಗ ಆಕೆಯ ತಾಯಿ ತಡವರಿಸಲಿಲ್ಲ. ಸಂಕ್ರಾಂತಿ ದಿನ ಮೈಗೆ ಎಳ್ಳು ಹಚ್ಚಿಕೊಂಡು ನೀರು ಹಾಕಿಕೊಳ್ಳಲು ಕೂತಾಗಲೇ ಹೆರಿಗೆ ಬ್ಯಾನಿ ಶುರುವಾದವು, ಇಂದಿರಾಬಾಯಿ ಸತ್ತ ಮರುವರ್ಷ ಕಳೆದ ಮೇಲಿನ ಸಂಕ್ರಾಂತಿ ಎಂದಳು. ಲೆಕ್ಕ ಹಾಕಿದರೆ 1986ರ ಜನವರಿ ಹದಿನಾಲ್ಕು. ಶಾಲೆಗೆ ಸೇರಿಸಲು ಐದು ವರ್ಷ ಹತ್ತು ತಿಂಗಳು ತುಂಬಿರಬೇಕಿತ್ತು, ಅದಕ್ಕೆ ಐದು ತಿಂಗಳು ಕಡಿಮೆ ಬೀಳುತ್ತಿತ್ತು.

ನಾಗನಾಥರು 1-6-1985 ಎಂದು ಬರೆದರು. ಉಳಿದ ಐದು ಮಕ್ಕಳಿಗೂ ಅದೇ ತಾರೀಖು. ಈ ಭಾಗದಲ್ಲಿ ಅದೊಂದು ರೂಢಿ. ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಮಕ್ಕಳ ಹುಟ್ಟಿದ ದಿನ ಮಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಶೀತಲ ಕೆಲಸ ಮಾಡುವ ಡಿಪೋದಲ್ಲಿ ಇವತ್ತಿಗೂ ಜೂನ್ ಒಂದರಂದು ಹದಿನೇಳು ಜನರ ಹುಟ್ಟುಹಬ್ಬ ಬರುತ್ತದೆ. ಎಲ್ಲರೂ ಸೇರಿ ಒಂದೇ ಕೇಕು ತರಿಸುತ್ತಾರೆ. ಡ್ರೈವರ್ ಗುರುನಾಥನೂ ಆ ಹದಿನೇಳರಲ್ಲಿ ಒಬ್ಬ.

ನಾಗನಾಥರ ಹುದ್ದೆ ಉಳಿಯಿತು. ಹುಡುಗಿ ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಓಡುವವರು ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಎರಡನೆಯ ಮತ್ತು ಮೂರನೆಯದರ ನಡುವೆ ನಿಲ್ಲುವ ಆಟಗಾರ್ತಿಯಾಗಿದ್ದಳು. ಅಲ್ಲಿಗೇ ಚೆಂಡು ಹೆಚ್ಚು ಬರುತ್ತದೆ. ನಾಗನಾಥರು ಅಂಥ ಕೈಯನ್ನು ಮತ್ತೆ ನೋಡಲಿಲ್ಲ ಎಂದು ಈಗಲೂ ಹೇಳುತ್ತಾರೆ. 1999ರ ಚಳಿಗಾಲದಲ್ಲಿ ಹದಿನಾಲ್ಕರ ಒಳಗಿನವರ ರಾಜ್ಯ ತಂಡಕ್ಕೆ ಗುಲ್ಬರ್ಗಾದಲ್ಲಿ ಆಯ್ಕೆ ಇತ್ತು. ಡಿಸೆಂಬರ್ ಕೊನೆಗೆ ಹದಿನಾಲ್ಕು ತುಂಬಿರಬಾರದು. ಸಂಕ್ರಾಂತಿಯ ಲೆಕ್ಕದಲ್ಲಿ ಆಕೆಗೆ ಇನ್ನೂ ಎರಡು ವಾರ ಬಾಕಿ ಇತ್ತು. ಜೂನ್ ಒಂದರ ಲೆಕ್ಕದಲ್ಲಿ ಏಳು ತಿಂಗಳು ಹೆಚ್ಚಾಗಿತ್ತು. ನಾಗನಾಥರು ಅರ್ಜಿಯಲ್ಲಿ ನಿಜವಾದ ತಾರೀಖು ಬರೆದರು. ಶಾಲೆಯ ಗುಮಾಸ್ತ ಎಲ್ಲ ಅರ್ಜಿಗಳಿಗೂ ಪ್ರವೇಶ ರಿಜಿಸ್ಟರಿನ ಪ್ರತಿ ಲಗತ್ತಿಸಿದ್ದು ಅವರಿಗೆ ಗೊತ್ತಿರಲಿಲ್ಲ.

ಬೆಳಗಿನ ಆಟದಲ್ಲಿ ಶೀತಲ ಎರಡು ಹೊಡೆತ ಹೊಡೆದಳು. ಮಧ್ಯಾಹ್ನ ಅಧಿಕಾರಿಯೊಬ್ಬರು ಮಾಸ್ತರರನ್ನು ಕೋಣೆಗೆ ಕರೆದು ಎರಡೂ ಕಾಗದ ಮುಂದಿಟ್ಟರು. ಅರ್ಜಿ ಖರೆಯೋ, ರಿಜಿಸ್ಟರು ಖರೆಯೋ? ರಿಜಿಸ್ಟರು ಸುಳ್ಳಾದರೆ ಇಲಾಖೆಗೆ ಬರೆಯಬೇಕಾಗುತ್ತದೆ ಎಂದರು. ನಾಗನಾಥರು ಕೈ ಮುಗಿದು, ರಿಜಿಸ್ಟರು ಖರೆ, ಹುಡುಗಿಗೆ ತನ್ನ ತಾರೀಖು ತಿಳಿಯದು ಎಂದರು. ಹುಡುಗಿ ಹೊರಗೆ ಜಗಲಿಯ ಮೇಲೆ ನಿಂತು ಕಿಟಕಿಯಿಂದ ನೋಡುತ್ತಿದ್ದಳು. ಮಾತು ಕೇಳಿಸಲಿಲ್ಲ, ಕೈ ಆಡುವುದಷ್ಟೇ ಕಂಡಿತು. ಹೊರಗೆ ಬಂದ ಮೇಲೆ ಅವರು, “ಭಾಳ ಹೇಳಿದೆ ತಂಗಿ, ಸಾಹೇಬ ಕೇಳಲಿಲ್ಲ,” ಎಂದರು. ತಾರೀಖಿನ ಮೊದಲನೆಯ ಸುಳ್ಳನ್ನು ರೂಢಿ ಎನ್ನಬಹುದು. ಈ ಎರಡನೆಯದಕ್ಕೆ ಅಂಥ ಯಾವ ಹೆಸರೂ ಇಲ್ಲ, ಅದು ಅವರಿಗೆ ಗೊತ್ತು.

ಮಂಗಳವಾರ ಅವರು ಹೆಂಡತಿ ಯಶೋದಾಬಾಯಿಗೆ ಎಲ್ಲವನ್ನೂ ಹೇಳಿದರು. ಆಕೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಇಪ್ಪತ್ತಾರು ವರ್ಷ ಬಾಯಿ ಮುಚ್ಕೊಂಡು ಇದ್ದ್ರಿ. ಈಗ್ಯಾಕ?”

“ಆದಿತ್ಯವಾರ ಆಕಿ ಮೈಕ್‌ದಾಗ ಸುಳ್ಳ ಹೇಳ್ತಾಳ. ಖರೆ ಅಂತ ತಿಳ್ಕೊಂಡು ಹೇಳ್ತಾಳ.”

“ಹೇಳ್ಲಿ. ಯಾರಿಗಿ ನಷ್ಟ? ನಿಮ್ಮ ಎದಿ ಹಗುರ ಮಾಡ್ಕೊಳ್ಳಾಕ ಆಕಿ ಎದಿ ಮ್ಯಾಲ ಕಲ್ಲ ಇಡ್ತೀರೇನು?”

ಬುಧವಾರ ಬಸ್ಸು ಬಂತು, ಹಾಳೆ ಕೊಟ್ಟರು, ಹದಿನೈದು ನಿಮಿಷ ಹೋಯಿತು. ಅವರ ತಂಡ ಒಂಬತ್ತನೆಯ ಸರದಿಯಲ್ಲಿ ಗೆದ್ದಿತ್ತು. ಶೀತಲ ಕೊನೆಯ ಮನೆ ಓದಿ ಟಿಕೆಟ್ ಯಂತ್ರದ ಮೇಲೆ ಬಡಿದು, “ನೋಡ್ರಿ, ನಾ ಹೇಳಿದ್ದಿಲ್ಲ?” ಎಂದು ನಕ್ಕಳು. ಆ ನಗುವಿನ ನಡುವೆ ಹೇಳಲು ಆಗಲಿಲ್ಲ. ಇನ್ನೂ ನಾಲ್ಕು ದಿನ ಇದೆಯಲ್ಲ ಎಂದುಕೊಂಡರು. ಮನೆಗೆ ನಡೆಯುವಾಗ, ಹತ್ತು ಏಪ್ರಿಲ್‌ಗಳಿಂದಲೂ ತಾವು ಹೀಗೇ ಅಂದುಕೊಳ್ಳುತ್ತಿರುವುದು ನೆನಪಾಯಿತು.

ಗುರುವಾರ ಅವರು ಹಾಳೆ ಕೊಟ್ಟು ಹಿಂತಿರುಗಲಿಲ್ಲ, ಬಸ್ಸು ಹತ್ತಿದರು.

“ಎಲ್ಲಿಗ್ರಿ ಸರ?”

“ಹುಮನಾಬಾದ. ಟಿಕೆಟ್ ಕೊಡು.”

“ಏನ್ ಕೆಲಸ್ರಿ ಅಲ್ಲಿ?”

“ನಿನ್ನ ಸಂಗಟ ಮಾತಾಡೂದದ.”

ಆಕೆ ಹುಬ್ಬೇರಿಸಿದಳು, ಟಿಕೆಟ್ ಹರಿದು ಕೊಟ್ಟಳು. ಸಸ್ತಾಪುರ ಬಂಗ್ಲಾದವರೆಗೆ ಬಸ್ಸು ಕಿಕ್ಕಿರಿದಿತ್ತು. ಅಲ್ಲಿ ಹೆದ್ದಾರಿಯ ದೊಡ್ಡ ಬಸ್ಸು ಹಿಡಿಯುವವರೆಲ್ಲ ಇಳಿದರು. ಆಕೆ ಬಂದು ತನ್ನ ಸೀಟಿನಲ್ಲಿ, ಅವರ ಪಕ್ಕ ಕೂತಳು. ಆದಿತ್ಯವಾರದ ಹಾರದ ಬಗ್ಗೆ ಏನೋ ಶುರು ಮಾಡಿದಳು. ಅವರು ತಡೆದರು.

ಮೊದಲು ರಿಜಿಸ್ಟರಿನದು ಹೇಳಿದರು. ಆಕೆ ಅರ್ಧ ನಕ್ಕಳು. “ಅದು ಎಲ್ಲಾರ್ದೂ ಹಂಗೇ ಅದಲ್ರಿ ಸರ. ಗುರುನಾಥಂದೂ ಹಂಗೇ. ಬರದವ್ರು ನೀವಾ? ಏಳು ತಿಂಗಳ ಮೊದಲೇ ರಿಟೈರ್ ಮಾಡಸ್ತೀರಿ ನನ್ನ!”

ಆಮೇಲೆ ಗುಲ್ಬರ್ಗಾದ ಕೋಣೆಯದು ಹೇಳಿದರು.

ಬಸ್ಸು ನಿಧಾನವಾಯಿತು. ಆಕೆ ಎದ್ದು ನಿಂತು, ಯಾವತ್ತಿನ ಧ್ವನಿಯಲ್ಲೇ, “ರಾಜೇಶ್ವರ ಯಾರ್ರಿ? ಜಲ್ದಿ ಇಳೀರಿ. ಅಜ್ಜಿ, ನಿಮ್ಮ ಚೀಲ ಬಿಟ್ಟೀರಿ ನೋಡ್ರಿ,” ಎಂದಳು. ಹತ್ತಿದ ಎಂಟು ಜನರಿಗೆ ಟಿಕೆಟ್ ಕೊಟ್ಟಳು. ಹಿಂದಿನ ಸೀಟಿನವರೆಗೆ ಹೋಗಿ ಬಂದಳು. ಚಿಲ್ಲರೆಗಾಗಿ ಒಬ್ಬನ ಜೊತೆ ವಾದಿಸಿದಳು. ಮತ್ತೆ ಬಂದಾಗ ಕೂರಲಿಲ್ಲ, ಕಂಬ ಹಿಡಿದು ನಿಂತೇ ಕೇಳಿದಳು.

“ಕಿಟಕ್ಯಾಗಿಂದ ನಾ ನೋಡಿದೆ. ನೀವು ಕೈ ಮಾಡಿ ಮಾಡಿ ಮಾತಾಡಾಕತ್ತಿದ್ರಿ. ಅದೇನು?”

“ಕೈ ಮುಗಿಯಾಕತ್ತಿದ್ದೆ. ನನ್ನ ಮ್ಯಾಲ ಬರೀಬ್ಯಾಡ್ರಿ ಅಂತ.”

“ನನ್ನ ಸಲುವಾಗಿ ಅಲ್ಲ.”

“ಅಲ್ಲ.”

“ನನಗ ತಾರೀಖು ತಿಳೀದು ಅಂದ್ರಿ.”

“ಹೌದು.”

“ನಮ್ಮವ್ವ ಸಾಯೂತನಾ ಪ್ರತಿ ಸಂಕ್ರಾಂತಿಗಿ ನನ್ನ ತಲೀ ಮ್ಯಾಲ ಎಳ್ಳು ಹಾಕಿ ನೀರ ಹಾಕ್ತಿದ್ದಳ್ರಿ ಸರ. ನನಗ ತಿಳೀದೇನ್ರಿ?”

ಹುಮನಾಬಾದ ಬಂತು. ಎಲ್ಲರೂ ಇಳಿದ ಮೇಲೆ ಆಕೆ ಬಾಗಿಲ ಹತ್ತಿರ ನಿಂತು, ಅವರ ಮುಖ ನೋಡದೆ, ಮತ್ತೊಂದು ಪ್ರಶ್ನೆ ಕೇಳಿದಳು.

“ಆ ದಿನದ ಆಟದ ಹಾಳಿ ಅದ ಏನ್ರಿ?”

“ಅದ.”

“ಆದಿತ್ಯವಾರ ನಾ ಮಾತಾಡೂದಿಲ್ಲ. ನೀವೇ ಮಾತಾಡ್ರಿ.” ಇಷ್ಟು ಹೇಳಿ ಕಂಟ್ರೋಲರ್ ಕೋಣೆಯ ಕಡೆ ಹೋದಳು.

ಆದಿತ್ಯವಾರ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸುಮಾರು ನೂರು ಜನ. ಶೀತಲ ಬಂದಿದ್ದಳು, ಹಸಿರು ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಹಾರ, ಶಾಲು, ಫಲ ಎಲ್ಲ ಆಯಿತು. ಮೈಕು ಕೈಗೆ ಬಂದಾಗ ನಾಗನಾಥರು ಬರೆದುಕೊಂಡು ಬಂದದ್ದನ್ನೇ ಓದಿದರು. ಹುದ್ದೆ ಉಳಿಸಿಕೊಳ್ಳಲು ಆರು ಮಕ್ಕಳ ತಾರೀಖು ಸುಳ್ಳು ಬರೆದೆ. ಅದರಿಂದ ಒಬ್ಬಳಿಗೆ ರಾಜ್ಯ ತಂಡ ತಪ್ಪಿತು. ಕೇಳಿದಾಗ ಖರೆ ಹೇಳಲಿಲ್ಲ, ಆಕೆಯನ್ನೇ ತಿಳಿಗೇಡಿ ಮಾಡಿದೆ. ಇಷ್ಟೇ ಇತ್ತು.

ಅವರು ಬೈಗುಳಕ್ಕೆ, ಕನಿಷ್ಠ ಮೌನಕ್ಕೆ ಸಿದ್ಧರಾಗಿದ್ದರು. ಚಪ್ಪಾಳೆಗೆ ಸಿದ್ಧರಾಗಿರಲಿಲ್ಲ. ಶಾಮಿಯಾನವೆಲ್ಲ ಚಪ್ಪಾಳೆ ಹೊಡೆಯಿತು. ನಿರೂಪಕ ಮೈಕು ತೆಗೆದುಕೊಂಡು, ಇಂಥ ದೊಡ್ಡ ಮನಸ್ಸು ಯಾರಿಗಿರುತ್ತದೆ ಎಂದ. ಹಳೆಯ ವಿದ್ಯಾರ್ಥಿಗಳು ವೇದಿಕೆ ಹತ್ತಿ ಕಾಲು ಮುಟ್ಟಿದರು. ಹೊದಿಸಿದ ಶಾಲು ಭುಜದ ಮೇಲೇ ಇತ್ತು, ಅದನ್ನು ತೆಗೆಯುವುದೋ ಬಿಡುವುದೋ ತಿಳಿಯದೆ ಅವರು ಅದರ ಅಂಚು ಹಿಡಿದುಕೊಂಡು ನಿಂತಿದ್ದರು. ಶೀತಲ ಚಪ್ಪಾಳೆ ಹೊಡೆಯಲಿಲ್ಲ. ಊಟದ ಹೊತ್ತಿಗೆ ಆಕೆ ಕಾಣಲಿಲ್ಲ.

ಆ ರಾತ್ರಿ ಯಶೋದಾಬಾಯಿ ಶಾಲನ್ನು ಟ್ರಂಕಿನಲ್ಲಿಡುವಾಗ ಮಾಸ್ತರರು ಅದೇ ಟ್ರಂಕಿನ ತಳದಿಂದ ಹಳೆಯ ಹಾಳೆಗಳ ಕಟ್ಟು ತೆಗೆದರು. ಗುಲ್ಬರ್ಗಾದ ಹಾಳೆ ಹಳದಿಯಾಗಿತ್ತು, ಅಕ್ಷರ ಮಾಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಟ ಇತ್ತು. ಅವರು ಯಾವತ್ತಿನಂತೆ ಬರೆದರು. ಹತ್ತೂ ಹತ್ತಕ್ಕೆ ಎರಡು ಹಾಳೆ ಜೇಬಿನಲ್ಲಿಟ್ಟುಕೊಂಡು ಸೋಹೇಲನ ಅಂಗಡಿಯ ಮುಂದೆ ನಿಂತಿದ್ದರು. ಬಸ್ಸು ಬಂತು. ಶೀತಲ ಇಳಿದು ನೇರ ಬಂದು, “ಸೋಹೇಲ, ಚಹಾ,” ಎಂದು ಬೆಂಚಿನ ಮೇಲೆ ಕೂತಳು. ಮಾಸ್ತರರ ಕಡೆ ಕೈ ಚಾಚಿದಳು. ಅವರು ಎರಡನ್ನೂ ಕೊಟ್ಟರು.

ಆಕೆ ಹಳೆಯದನ್ನು ಬಿಚ್ಚಿದಳು. ಅದರಲ್ಲಿ ನಾಲ್ಕನೆಯ ಸಾಲು ಅವಳದು. ಎರಡು ಹೊಡೆತ, ಒಂದು ಓಟ. ಮೂರನೆಯ ಸರದಿಯ ಕೆಳಗೆ ಅವಳ ಸಂಖ್ಯೆಯ ಮುಂದೆ ಕೆಂಪು ‘ತ’. ಇಡೀ ಸಾಲಿನ ಮೇಲೆ ಹೆಸರಿನಿಂದ ಕೊನೆಯ ಮನೆಯವರೆಗೆ ಒಂದು ಕೆಂಪು ಗೆರೆ. ಅನರ್ಹ ಆಟಗಾರ್ತಿಯ ಸಾಲು ಹೊಡೆದುಹಾಕುವುದು ಸ್ಕೋರ್ ಬರೆಯುವವರ ನಿಯಮ. ಆ ಸಂಜೆ ಗುಲ್ಬರ್ಗಾದ ಬಸ್ ನಿಲ್ದಾಣದಲ್ಲಿ, ಹುಡುಗಿಯರು ಪಕ್ಕದಲ್ಲಿ ಅವಲಕ್ಕಿ ತಿನ್ನುತ್ತಿದ್ದಾಗ, ಅವರು ಅದನ್ನು ಹೊಡೆದಿದ್ದರು.

“ಈ ತಪ್ಪು ನಂದೇ,” ಎಂದಳು ಆಕೆ, ‘ತ’ದ ಮೇಲೆ ಬೆರಳಿಟ್ಟು. “ನೆನಪದ. ಚೆಂಡು ಬುಟ್ಟ್ಯಾಗ ಬಿದ್ದಂಗ ಬಂದಿತ್ತು ಕೈಗಿ. ಬಿಟ್ಟೆ.”

ಆಮೇಲೆ ಬೆರಳನ್ನು ಗೆರೆಯ ಉದ್ದಕ್ಕೂ ಎಳೆದಳು, ಈ ತುದಿಯಿಂದ ಆ ತುದಿಗೆ.

“ಸ್ಕೇಲ್ ಹಚ್ಚಿ ಹೊಡದೀರಲ್ರಿ ಸರ.”

ಮಾಸ್ತರರು ನಿಂತೇ ಇದ್ದರು. ಗುರುನಾಥ ಹಾರ್ನು ಹೊಡೆದ. ಆಕೆ ಚಹಾ ಪೂರ್ತಿ ಕುಡಿದಳು, ಹಳೆಯ ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡಳು, ಬಸ್ಸು ಹತ್ತಿದಳು.

“ಅಕ್ಕ, ಇವತ್ತಿಂದು ಬಿಟ್ಟೀರಿ!” ಸೋಹೇಲ ಕೂಗಿದ. ಬೆಂಚಿನ ಮೇಲೆ ಆವತ್ತಿನ ಹಾಳೆ ಬಿಚ್ಚದೆ ಹಾಗೇ ಇತ್ತು. ಆಕೆಗೆ ಕೇಳಿಸಿರಬೇಕು. ತಿರುಗಲಿಲ್ಲ. ಸೋಹೇಲ ಹಾಳೆಯನ್ನು ಎತ್ತಿ ಮಾಸ್ತರರಿಗೆ ಕೊಟ್ಟ. ಯಾರು ಗೆದ್ದರು ಎಂದು ಆವತ್ತು ಕೇಳಲಿಲ್ಲ.

ಇದಾಗಿ ಎಂಟು ದಿನವಾಯಿತು. ಮಾಸ್ತರರು ಈಗಲೂ ಏಳೂ ಕಾಲಿಗೆ ಕೂರುತ್ತಾರೆ, ಮನೆಗಳನ್ನು ತುಂಬುತ್ತಾರೆ, ಹತ್ತೂ ಹತ್ತಕ್ಕೆ ನಿಲ್ದಾಣಕ್ಕೆ ಹೋಗುತ್ತಾರೆ. ಗೆರೆಗಳು ಮಾತ್ರ ಸ್ವಲ್ಪ ಓರೆಯಾಗಿವೆ. ಅವರು ಸ್ಕೇಲು ಬಳಸುವುದನ್ನು ಬಿಟ್ಟಿದ್ದಾರೆ. ಶೀತಲ ಇಳಿಯುತ್ತಾಳೆ, “ನಮಸ್ಕಾರ್ರಿ ಸರ” ಎನ್ನುತ್ತಾಳೆ, ಚಹಾ ಕುಡಿಯುತ್ತಾಳೆ, ಹೋಗುತ್ತಾಳೆ. ಹಾಳೆ ಕೇಳುವುದಿಲ್ಲ. ಅವರೂ ಚಾಚುವುದಿಲ್ಲ, ಬೆಂಚಿನ ತುದಿಯಲ್ಲಿ ಇಟ್ಟಿರುತ್ತಾರೆ. ಬಸ್ಸು ಹೋದ ಮೇಲೆ ಎತ್ತಿಕೊಳ್ಳುತ್ತಾರೆ.

ಮೊನ್ನೆ ಸೋಹೇಲ ಸಮಾಧಾನಕ್ಕೆಂದು, “ಇನ್ನೂ ಭಾಳ ಆಟ ಅದಾವಲ್ರಿ ಮಾಸ್ತರ್ ಸಾಬ್,” ಎಂದ.

“ನೂರಾ ಮೂವತ್ತು,” ಎಂದರು ಮಾಸ್ತರರು. ಏಪ್ರಿಲ್‌ದಾಗ ಸೋತರೆ ಏನೂ ಆಗುವುದಿಲ್ಲ ಎಂಬ ಮಾತನ್ನು ಈ ಸಲ ಸೇರಿಸಲಿಲ್ಲ.